ನೀರುಗಂಟಿ ಜವರಯ್ಯನ ಹೊಟ್ಟೆಯ ನೀರು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯಲ್ಲಿ ಮಗ್ಗಿ ಕಲಿಸಿದ ಗುರುಮಲ್ಲಪ್ಪ ಮೇಷ್ಟ್ರು. ಅವರು ಹೇಳಿದ ಹಾಗೆಯೇ ಬರೆದಿದ್ದೇನೆ.

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯ ಸ್ವಾಮಿಗಳೆಂಬ ಗುರುಗಳಿದ್ದರು. ವೈದ್ಯವನ್ನೂ ಬಲ್ಲವರು. ಶಿವಬಸವ ಅವರ ಶಿಷ್ಯ.

ಒಮ್ಮೆ ಗುರುಗಳು ಪರವೂರಿಗೆ ಹೋಗಿದ್ದಾಗ ಪುಟ್ಟಮಾದಮ್ಮ ಎಂಬಾಕೆ ತನ್ನ ಗಂಡ ಜವರಯ್ಯನನ್ನು ಗಾಡಿಯಲ್ಲಿ ಕರೆತಂದಳು. ಜವರಯ್ಯ ಕೆರೆಯ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಕುಡಿದು ಕುಡಿದು ಅವನ ಈಲಿ, ಓದಿದವರು ಲಿವರ್ ಅನ್ನುತ್ತಾರಲ್ಲ ಅದು, ಗಟ್ಟಿಕಟ್ಟಿತ್ತು. ಕುಡಿತ ಬಿಟ್ಟು ವರ್ಷವಾಗಿದ್ದರೂ ಹೊಟ್ಟೆ ಗುಡಾಣದಂತೆ ಊದಿತ್ತು.

“ಹೊಟ್ಟೆಯೆಲ್ಲ ನೀರು ಬುದ್ಧೀ. ಉಚ್ಚೆ ನೋಡುದ್ರೆ ಕಮ್ಮಿ,” ಎಂದಳು.

ಶಿವಬಸವನಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ನೀರು ಹೆಚ್ಚಾಗಿದೆ, ಹೊರಗೆ ಹಾಕಬೇಕು. ಮೂತ್ರ ಇಳಿಸುವ ಕಷಾಯ ಕಾಯಿಸಿ ಕೊಟ್ಟ. ಎರಡು ದಿನ ಧಾರಾಳವಾಗಿ ಹೋಯಿತು. ಮೂರನೆಯ ದಿನ ನಿಂತೇಹೋಯಿತು. ಅವನು ಕಷಾಯವನ್ನು ಇನ್ನಷ್ಟು ಗಟ್ಟಿಮಾಡಿದ.

ಗುರುಗಳು ಹಿಂತಿರುಗಿದಾಗ ಜವರಯ್ಯ ಜಗಲಿಯ ಮೇಲೆ ಸೋತು ಒರಗಿದ್ದ.

“ಮೂತ್ರಪಿಂಡ ಕೆಟ್ಟಿದೆ ಗುರುಗಳೇ,” ಎಂದ ಶಿವಬಸವ.

ಗುರುಗಳು ಜವರಯ್ಯನ ಕೈ ಹಿಡಿದರು. ಅಂಗೈ ಕೆಂಪಗೆ ಬೆಚ್ಚಗಿತ್ತು. ನಾಡಿ ಓಡುತ್ತಿತ್ತು, ತುಸು ಒತ್ತಿದರೆ ಅಡಗುತ್ತಿತ್ತು.

ಎದ್ದು ಹೋಗಿ ಕಷಾಯವನ್ನು ಬಚ್ಚಲಿಗೆ ಸುರಿದು ಬಂದರು.

“ಜವರಯ್ಯ, ನಿನ್ನ ಕೆಲಸದ ಮಾತು ಕೇಳ್ತೀನಿ. ದೊಡ್ಡ ಕಾಲುವೆಯ ನಡುವೆ ಹೂಳು ಕಟ್ಟಿತು ಅನ್ನು. ಏನಾಗುತ್ತೆ?”

“ಹಿಂದ್ಕೆ ಒತ್ತತದೆ ಬುದ್ಧೀ. ಮೇಲ್ಗಡೆ ಗದ್ದೆಗೆ ನೀರು ಬಿಡೋ ಮಡೆಗಳೆಲ್ಲ ಅಗಲಾಯ್ತವೆ. ನೀರು ಅಲ್ಲೇ ಹರಡ್ಕತದೆ.”

“ಕಡೇ ಗದ್ದೆಯವನು?”

“ಅವನ್ಗೆಲ್ಲಿ ಬತ್ತದೆ? ಬಂದ ಚೂರೂ ಆಚೆಗೆ ಬಿಡಾಕಿಲ್ಲ. ಹೊರಗೋಗೋ ಮಡೆನ ಬಿಗಿಯಾಗಿ ಕಟ್ಟಿ ಕೂತ್ಕತಾನೆ.”

“ಆಗ ಅವನ ಗದ್ದೆಯಿಂದಲೇ ನೀರು ಬಸಿದರೆ?”

ಜವರಯ್ಯ ಶಿವಬಸವನತ್ತ ನೋಡಿ, ಆ ಸಂಕಟದಲ್ಲೂ ನಕ್ಕ. “ಹಂಗೆ ಮಾಡೋ ನೀರುಗಂಟೀನ ಊರೋರು ಕೆರೆಗೇ ತಳ್ತಾರೆ ಬುದ್ಧೀ.”

ಶಿವಬಸವ ತಲೆ ತಗ್ಗಿಸಿದ.

“ಹೂಳು ಈಲಿಯಲ್ಲಿ,” ಎಂದರು ಗುರುಗಳು. “ರಕ್ತ ದಾಟಲಾರದೆ ಹಿಂದಕ್ಕೆ ಒತ್ತುತ್ತದೆ. ಹೊಟ್ಟೆಯೊಳಗಿನ ರಕ್ತನಾಳಗಳು ಸಡಿಲವಾಗಿ ಅಗಲಗೊಳ್ಳುತ್ತವೆ. ರಕ್ತ ಅಲ್ಲೇ ತಂಗುತ್ತದೆ. ಮೂತ್ರಪಿಂಡಕ್ಕೆ ಬರ. ಅದು ತನ್ನ ನಾಳಗಳನ್ನು ಬಿಗಿಮಾಡಿಕೊಂಡು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ.”

“ಮೈಯಲ್ಲಿ ಇಷ್ಟು ನೀರಿದೆಯಲ್ಲ ಗುರುಗಳೇ?”

“ಹೊಟ್ಟೆಯಲ್ಲಿದೆ. ಹಿಡಿದಿಟ್ಟದ್ದೂ ಸೋರಿ ಅಲ್ಲಿಗೇ ಸೇರುತ್ತಿದೆ. ನಿನ್ನ ಕಷಾಯ ಸೆಳೆದದ್ದು ರಕ್ತದಿಂದ.”

“ಈಗ ಏನು ಔಷಧ?”

“ನಮ್ಮಲ್ಲಿಲ್ಲ. ಜೀಪು ತರಿಸು. ದೊಡ್ಡಾಸ್ಪತ್ರೆಗೆ ನೀನೇ ಕರೆದುಕೊಂಡು ಹೋಗು. ಏನು ಕೊಟ್ಟೆ, ಎಷ್ಟು ದಿನ ಕೊಟ್ಟೆ, ಡಾಕ್ಟರಿಗೆ ನಿನ್ನ ಬಾಯಲ್ಲೇ ಹೇಳು.”

“ಬೈತಾರೆ ಗುರುಗಳೇ.”

“ಬೈಸಿಕೋ.”

ಡಾಕ್ಟರು ಬೈದರು. ಬೈಯುತ್ತಲೇ, ನೀರು ತುಂಬಿ ಊದಿದ್ದ ಮನುಷ್ಯನ ನಾಳಕ್ಕೆ ಮತ್ತೆ ಬಾಟಲಿ ಏರಿಸಿದರು, ನೀರನ್ನು ರಕ್ತದಲ್ಲೇ ಹಿಡಿದಿಡುವಂಥದ್ದು. ಅಗಲವಾದ ನಾಳಗಳನ್ನು ಬಿಗಿಮಾಡುವ ಮದ್ದನ್ನೂ ಕೊಟ್ಟರು. ಶಿವಬಸವ ಮಂಚದ ಪಕ್ಕ ಕುಳಿತು ಮೂತ್ರದ ಚೀಲವನ್ನೇ ನೋಡುತ್ತಿದ್ದ. ಐದನೆಯ ದಿನ ಬೆಳಿಗ್ಗೆ ಚೀಲ ಅರ್ಧ ತುಂಬಿತು.

ಅಂದೇ ಆಶ್ರಮಕ್ಕೆ ಬಂದ. “ಗುರುಗಳೇ, ಮೂತ್ರಪಿಂಡ ತಾನಾಗಿ ಕೆಟ್ಟಿರಲಿಲ್ಲವಂತೆ!”

“ಈಲಿ?”

ಶಿವಬಸವನ ದನಿ ಇಳಿಯಿತು. “ಅದು ಮೊದಲಿನಂತಾಗುವುದಿಲ್ಲವಂತೆ. ಬದಲಿ ಈಲಿ ಹಾಕದಿದ್ದರೆ ಇದೇ ಕಷ್ಟ ಮತ್ತೆ ಬರಬಹುದಂತೆ. ಜವರಯ್ಯ ನನ್ನನ್ನೇ ಕೇಳಿದ, ‘ನಾನು ಉಳ್ಕತೀನಾ ಸ್ವಾಮಿ’ ಅಂತ. ಏನೂ ಹೇಳದೆ ಎದ್ದು ಬಂದುಬಿಟ್ಟೆ.”

“ವಾಪಸು ಹೋಗು.”

“ಹೋಗಿ ಏನು ಹೇಳಲಿ?”

“ಡಾಕ್ಟರು ಹೇಳಿದ್ದನ್ನೇ ಹೇಳು. ಹೇಳಿದ ಮೇಲೆ ಏಳಬೇಡ.”

ಇದನ್ನು ಓದಿದವರು ಇನ್ನೊಬ್ಬರಿಗೆ ಹೇಳಿ. ಈಲಿ ಕೆಟ್ಟವರಿರುವ ಮನೆ ಗೊತ್ತಿದ್ದರೆ ಮೊದಲು ಅವರಿಗೆ.