ಕೋರವ್ವನ ಗುಡ್ಡಕ್ಕೆ ಕಾವಲುಗಾರ

“ಕೇಳ್ರಪ್ಪೋ ಕೇಳಿ! ಹುಲಿಗುಡ್ಡದ ರಕ್ಕಸಿ ಕೋರವ್ವನ ಅಪ್ಪಣೆ! ಅವಳಿಗೆ ವಯಸ್ಸಾಯಿತು. ಗುಡ್ಡ, ಕೆರೆ, ಗವಿಯೊಳಗಿನ ಚಿನ್ನ ನೋಡಿಕೊಳ್ಳಲು ಒಬ್ಬರು ಬೇಕು. ಮೂರು ಒಗಟು ಬಿಡಿಸಿದವರಿಗೆ ಆ ಕೆಲಸ, ಮೇಲೊಂದು ವರ. ತಪ್ಪಿದವರು ಅವಳ ಹೊಟ್ಟೆಗೆ!”

ಡಂಗುರ ಕೇಳಿ ಮೊದಲು ಹೊರಟವನು ಪಾಳೇಗಾರನ ಮಗ. ಅವನ ಹಿಂದೆ ಜವಳಿ ಸಾಹುಕಾರ. ಕೊನೆಗೆ ಮಾತಿನ ಮಲ್ಲ ಕರಿಬಸಪ್ಪ. ಮೂವರೂ ತಿರುಗಿ ಬರಲಿಲ್ಲ.

ಕರಿಬಸಪ್ಪನ ಹೆಂಡತಿ ಹೊನ್ನಿ ತನ್ನ ತಮ್ಮ ಚೌಡನ ಮುಂದೆ ಕಣ್ಣೀರಿಟ್ಟಳು. ಚೌಡ ಆಡು ಕಾಯುವವನು, ಗುಡುಗಿಗೂ ಬೆಚ್ಚುವ ಪ್ರಾಣಿ.

“ಅಳಬೇಡಕ್ಕ. ಭಾವನ್ನ ಕರಕೊಂಡು ಬರ್ತೀನಿ” ಅಂದವನೇ ಗುಡ್ಡ ಹತ್ತಿದ.

ಗವಿಯ ಬಾಗಿಲಲ್ಲಿ ಕೋರವ್ವ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದಳು. ಅವಳ ಹೆಗಲೇರಿದ್ದ ಚಿಗುರಿ ಎಂಬ ಪುಟ್ಟ ಮೊಮ್ಮಗಳು ಅಜ್ಜಿಯ ಕೂದಲಿಗೆ ಜಡೆ ಹಾಕುತ್ತಿದ್ದಳು.

“ಯಾಕೋ ನಡುಗ್ತೀಯ?”

“ಹೆದರಿಕೆ ಅಜ್ಜಿ. ಆದರೂ ನಮ್ಮ ಭಾವನ್ನ ಬಿಡಿಸ್ಕೊಂಡು ಹೋಗಬೇಕು.”

“ಹಂಗಾದ್ರೆ ಕೇಳು. ಒಡೆಯ ಬದುಕಿರೋ ತನಕ ಅದು ಮೂಕ. ಒಡೆಯನ ಬಾಯಿ ಮುಚ್ಚಿದ ಮೇಲೆ ಅದು ಬಾಯಿ ಬಿಡುತ್ತೆ, ಮನೆಮಂದಿಯೆಲ್ಲ ಅದರ ಮಾತು ಕೇಳಬೇಕು. ಏನದು? ಪಾಳೇಗಾರನ ಮಗ ‘ದೆವ್ವ’ ಅಂದ.”

“ನಮ್ಮೂರ ಕುಂಬಾರ ತಾತ ತೀರಿಕೊಂಡಾಗ ಮಕ್ಕಳು ಇದ್ದೊಂದು ಮಂಚಕ್ಕೆ ಬಡಿದಾಡಿ, ಗರಗಸದಲ್ಲಿ ಕುಯ್ದು ಹಂಚಿಕೊಂಡರು. ಯಾರಿಗೂ ಮಲಗೋಕಾಗಲಿಲ್ಲ. ತಾತ ಒಂದು ಉಯಿಲು ಬರೆದಿಟ್ಟಿದ್ದರೆ...” ಚೌಡ ಥಟ್ಟನೆ ನಿಂತ. “ಉಯಿಲು! ಅದೇ ಅಜ್ಜಿ!”

ಕೋರವ್ವ ತಲೆದೂಗಿದಳು. “ಎರಡನೇದು. ನನ್ನದೇ ಕೈ, ಆದರೆ ನನ್ನ ಮೈಮೇಲಿಲ್ಲ. ನಾನು ಹಾಸಿಗೆ ಹಿಡಿದರೂ ಅದು ಸಂತೆಗೆ ಹೋಗಿ ನನ್ನ ವ್ಯಾಪಾರ ಮಾಡುತ್ತೆ. ನನ್ನ ಉಸಿರು ನಿಂತರೆ ಅದರ ಕಸುವೂ ಹೋಯ್ತು. ಸಾಹುಕಾರ ‘ಮಗ’ ಅಂದ. ಮಗ ಅಪ್ಪನ ಜೊತೆಗೇ ಸಾಯ್ತಾನೇನೋ?”

“ಅದು ಅಧಿಕಾರ ಪತ್ರ. ಮೇಲಿನ ಬೀದಿ ನಂಜವ್ವ ಕಾಲು ಮುರಕೊಂಡಾಗ, ‘ಚೌಡ ಮಾಡಿದ್ದು ನಾನೇ ಮಾಡಿದಂಗೆ’ ಅಂತ ಬರೆಸಿ ಹೆಬ್ಬೆಟ್ಟು ಒತ್ತಿಕೊಟ್ಟಿದ್ದಳು. ಅವಳ ಹೊಲದ ಗುತ್ತಿಗೆ ನಾನೇ ಮಾತಾಡಿದೆ. ಅವಳು ತೀರಿಹೋದ ಮೇಲೆ ಗುತ್ತಿಗೆಯವನು ಬಂದ. ನನ್ನ ಕೈಲಿ ಇನ್ನೇನೂ ಇಲ್ಲಪ್ಪ, ಅವಳ ಮಕ್ಕಳನ್ನ ಕೇಳು ಅಂದೆ.”

ಚಿಗುರಿ ಚಪ್ಪಾಳೆ ತಟ್ಟಿದಳು.

“ಕೊನೇದು. ಹಟ್ಟಿ ತುಂಬ ಹಸು. ಹಟ್ಟಿ ಇರೋದು ಕಾಯುವವನ ಹೆಸರಲ್ಲಿ, ಆದರೆ ಹಾಲು ಅವನದಲ್ಲ. ಹಾಲು ಕುಡಿಯೋ ಕೂಸಿಗೆ ಹಟ್ಟಿ ಬಾಗಿಲು ತೆಗೆಯೋಕೂ ಬರಲ್ಲ. ಹಸು ಕೊಟ್ಟವರ ಮಾತಿನಂತೆ ಎಲ್ಲ ನಡೀತದೆ. ಏನದು? ಮೊದಲೆರಡನ್ನೂ ಬಿಡಿಸಿದ ನಿಮ್ಮ ಭಾವ ಇಲ್ಲಿ ಮುಗ್ಗರಿಸಿದ. ಅಂಥ ಹಟ್ಟಿ ಲೋಕದಲ್ಲೇ ಇಲ್ಲವಂತೆ!”

ಚೌಡ ಒಗಟನ್ನು ತಿರುತಿರುಗಿ ಹೇಳಿಕೊಂಡ. ಕೋರವ್ವ ಎದ್ದು ನಿಂತಳು, ಅವಳ ನೆರಳು ಅವನ ಮೇಲೆ ಬಿತ್ತು. ಅಕ್ಕನ ಮುಖ ನೆನಪಾಯಿತು. ಈ ಹೊತ್ತಿಗೆ ಆಡುಗಳಿಗೆ ನೀರು ಕುಡಿಸಬೇಕಿತ್ತು ಅನ್ನುವುದೂ ನೆನಪಾಯಿತು. ಅವನು ಗಕ್ಕನೆ ತಲೆಯೆತ್ತಿದ.

“ಅಜ್ಜಿ, ಅಂಥ ಹಟ್ಟಿ ನನ್ನ ಹತ್ರಾನೇ ಇದೆ! ಗೆಳೆಯ ಮೈಲಾರಿ ಸಾಯೋ ಮೊದಲು ತನ್ನ ಆಡುಗಳನ್ನ ನನ್ನ ಹೆಸರಿಗೆ ಮಾಡಿ, ‘ಮಗಳು ದೊಡ್ಡವಳಾಗೋ ತನಕ ಅವಳಿಗೋಸ್ಕರ ನೋಡ್ಕೋ’ ಅಂದ. ಊರೋರು ಚೌಡನ ಆಡು ಅಂತಾರೆ. ಬಂದದ್ದೆಲ್ಲ ಆ ಮಗುವಿನ ಊಟ, ಬಟ್ಟೆಗೆ. ನಂಬಿ ಒಪ್ಪಿಸಿದ ಆಸ್ತಿ ಅದು.”

“ಬಿಡಿಸಿದೆ ಮಗಾ!” ಕೋರವ್ವ ಮೊಮ್ಮಗಳ ತಲೆ ಸವರಿದಳು. “ನನಗೂ ಬೇಕಾದ್ದು ಇವು ಮೂರೇ. ನನ್ನ ಕಣ್ಣು ಮಂಜಾಗ್ತಿದೆ, ನನ್ನ ಪರವಾಗಿ ಓಡಾಡೋಕೆ ಒಂದು ಕೈ ಬೇಕು. ನಾನು ಹೋದ ಮೇಲೆ ತಂಗಿ ಮಕ್ಕಳು ಈ ಕೂಸನ್ನ ಗುಡ್ಡದಿಂದ ಓಡಿಸದ ಹಂಗೆ ಉಯಿಲು ಬೇಕು. ಇವಳು ಬೆಳೆಯೋ ತನಕ ಎಲ್ಲ ಕಾಯೋಕೆ, ತಾನು ಬಾಯಿ ಹಾಕದವನು ಬೇಕು. ನಿನಗೇನು ಬೇಕು ಕೇಳು.”

“ಆ ಮೂವರನ್ನ ಬಿಟ್ಟುಬಿಡು.”

ಕೋರವ್ವ ಬಾಯಗಲಿಸಿ ನಕ್ಕಳು. ಒಂದೂ ಹಲ್ಲಿರಲಿಲ್ಲ. “ಈ ಬೊಚ್ಚುಬಾಯಲ್ಲಿ ಯಾರನ್ನ ತಿನ್ನಲೋ! ಒಳಗೆ ರಾಗಿ ಬೀಸ್ತಿದ್ದಾರೆ ನೋಡು.”

ಮೈಯೆಲ್ಲ ಹಿಟ್ಟು ಮಾಡಿಕೊಂಡು ಮೂವರೂ ಹೊರಬಂದರು. ಕರಿಬಸಪ್ಪ ಬಾಮೈದನನ್ನು ತಬ್ಬಿಕೊಂಡ. ಪಾಳೇಗಾರನ ಮಗ ಮೂರೂ ಪತ್ರಗಳನ್ನು ಬರೆದ, ಕೋರವ್ವ ಹೆಬ್ಬೆಟ್ಟು ಒತ್ತಿದಳು, ಸಾಹುಕಾರನೂ ಕರಿಬಸಪ್ಪನೂ ಸಾಕ್ಷಿ ಹಾಕಿದರು. ಕಾವಲಿನ ಸಂಬಳವಾಗಿ ತಪ್ಪಲಿನ ಹುಲ್ಲುಗಾವಲು ಅಂದಿನಿಂದಲೇ ಚೌಡನದಾಯಿತು. ಸುದ್ದಿ ತಿಳಿದ ಹೊನ್ನಿ ಓಡೋಡಿ ಬಂದು ಎಲ್ಲರಿಗೂ ಹೋಳಿಗೆ ಬಡಿಸಿದಳು, ಕೋರವ್ವನಿಗೆ ಹಾಲಲ್ಲಿ ನೆನೆಸಿ ಕೊಟ್ಟಳು.

ಚಿಗುರಿ ಮಾತ್ರ ಅಜ್ಜಿಯ ಸೆರಗು ಹಿಡಿದು ಕೇಳಿದಳು: “ಎಲ್ಲ ಬರೆದಾಯ್ತಲ್ಲ, ಇನ್ನು ನೀನು ಸತ್ತೋಗ್ತೀಯಾ ಅಜ್ಜಿ?”

“ಸಾಯೋಕೆ ಯಾರು ಬರೆಸ್ತಾರೆ ಹುಚ್ಚಿ? ಇನ್ನು ಮೇಲೆ ನಿಶ್ಚಿಂತೆಯಾಗಿ ಬದುಕೋಕೆ ಬರೆಸಿದ್ದು!”

ಹಾಗೆಂದು ಕೋರವ್ವ ಮೊಮ್ಮಗಳ ಕೈ ಹಿಡಿದು ಕುಣಿಯತೊಡಗಿದಳು. ಕೆಳಗೆ ಊರಲ್ಲಿ ಅಟ್ಟದ ಮೇಲಿನ ಪಾತ್ರೆಗಳೆಲ್ಲ ಗಲಗಲ ಅಂದವು.