ಜಾಂಬಣ್ಣನ ಹಳೇ ನೀರು

ಬೇಸಿಗೆಯಲ್ಲೂ ಯಾರೂ ಬಾಯಾರಿ ಬಳಲದ ಕಾಡು ಒಂದಿತ್ತು. ಬಿಸಿಲು ಏರುತ್ತಿದ್ದಂತೆ ಅಲ್ಲಿನ ಪ್ರಾಣಿಗಳು ತಮ್ಮ ತಮ್ಮ ಬಾಗಿಲಲ್ಲಿ ಅರವಟ್ಟಿಗೆ ಇಡುತ್ತಿದ್ದವು. ಮೊಲ, ಮುಳ್ಳುಹಂದಿಯಂಥ ಚಿಕ್ಕ ಪ್ರಾಣಿಗಳು ಬೇಲದ ಹಣ್ಣಿನ ಚಿಪ್ಪಿನಲ್ಲಿ ನೀರಿಟ್ಟರೆ, ಕರಡಿ ಜಾಂಬಣ್ಣ ಟೊಳ್ಳು ಮರದ ದೊಡ್ಡ ಬಾನಿಯನ್ನೇ ಇಟ್ಟಿದ್ದ. ಹಕ್ಕಿಗಳು, ದಾರಿಹೋಕರು ಕುಡಿದು ಹೋಗುತ್ತಿದ್ದರು. ಮಿಕ್ಕ ನೀರನ್ನು ದಿನವೂ ಬೆಳಿಗ್ಗೆ ಗಿಡದ ಬುಡಕ್ಕೆ ಚೆಲ್ಲಿ, ಪಾತ್ರೆ ಉಜ್ಜಿ, ಹೊಸ ನೀರು ತುಂಬಬೇಕು. ಇದು ಹಿರಿಯರು ಮಾಡಿದ ಕಟ್ಟಳೆ.

ಈ ಕಟ್ಟಳೆಯಿಂದ ಸಂಕಟಪಡುತ್ತಿದ್ದವಳು ಒಬ್ಬಳೇ, ಸೊಳ್ಳೆ ಗುಂಯವ್ವ. ಅವಳು ಎಲ್ಲಿ ಮೊಟ್ಟೆಯಿಟ್ಟರೂ ಬೆಳಗಾದರೆ ಅವು ಗಿಡದ ಬುಡದಲ್ಲಿರುತ್ತಿದ್ದವು.

ಒಂದು ದಿನ ಜಾಂಬಣ್ಣ ಏದುಸಿರು ಬಿಡುತ್ತ ಹಳ್ಳದಿಂದ ನೀರು ಹೊರುತ್ತಿದ್ದ. ಗುಂಯವ್ವ ಅವನ ಕಿವಿಯ ಬಳಿ ಬಂದಳು.

"ಅಲ್ಲ ಜಾಂಬಣ್ಣ, ನಿನ್ನಂಥ ದಾನಿ ಈ ಕಾಡಲ್ಲಿ ಇನ್ನೊಬ್ಬನಿಲ್ಲ. ಆದರೆ ಗಳಿಸಿದ ಪುಣ್ಯವನ್ನು ದಿನಾ ಬೆಳಿಗ್ಗೆ ಯಾಕಪ್ಪ ಚೆಲ್ಲುತ್ತೀಯ?"

"ಪುಣ್ಯವೆ? ನಾನು ಚೆಲ್ಲುವುದು ನೀರು."

"ಅಷ್ಟು ಜನ ಕುಡಿದು, ಹರಸಿ ಹೋದದ್ದು ಬರೀ ನೀರೇನಪ್ಪ? ಅದರಲ್ಲಿ ಪುಣ್ಯ ಇಳಿದಿರುತ್ತೆ. ಹಳೆಯದಾದಷ್ಟೂ ರುಚಿ ಹೆಚ್ಚು, ಉಪ್ಪಿನಕಾಯಿಯ ಹಾಗೆ."

ಜಾಂಬಣ್ಣ ಯೋಚಿಸಿದ. ಹಳ್ಳ ದೂರವಿತ್ತು. ಬಾನಿ ಭಾರವಿತ್ತು. ಗುಂಯವ್ವನ ಮಾತು ನಿಜವೆಂದು ಅವನಿಗೆ ಬಹಳ ಬೇಗ ಮನವರಿಕೆಯಾಯಿತು.

ಮರುದಿನದಿಂದ ಅವನು ನೀರು ಚೆಲ್ಲಲಿಲ್ಲ. ಯಾರಾದರೂ ಕೇಳಿದರೆ, "ಪುಣ್ಯ ಮಾಗಲಿ ಅಂತ ಬಿಟ್ಟಿದ್ದೇನೆ" ಎನ್ನುತ್ತಿದ್ದ. ದೊಡ್ಡವನೇ ಬಿಟ್ಟ ಮೇಲೆ ಉಳಿದವರನ್ನು ಕೇಳಬೇಕೆ? ಮೊಲವೂ ಬಿಟ್ಟಿತು, ಮುಳ್ಳುಹಂದಿಯೂ ಬಿಟ್ಟಿತು. ಯಾರ ನೀರು ಹೆಚ್ಚು ಹಳೆಯದು ಎಂಬ ಪೈಪೋಟಿಯೇ ಶುರುವಾಯಿತು.

ಕೆಲವು ದಿನ ಕಳೆದು ಜಾಂಬಣ್ಣ ಬಾನಿಯೊಳಗೆ ಇಣುಕಿದ. ಸಣ್ಣ ಸಣ್ಣ ಹುಳಗಳು ನೀರಿನಲ್ಲಿ ತಲೆಕೆಳಗಾಗಿ ನೇತಾಡುತ್ತ, ನುಲಿಯುತ್ತ ಇದ್ದವು.

"ಇವೇನು ಗುಂಯವ್ವ?"

"ಅಯ್ಯೋ ಅದೃಷ್ಟವಂತ! ನಿನ್ನ ಪುಣ್ಯ ಮರಿ ಹಾಕಿದೆ!"

ಮರದ ಮೇಲಿದ್ದ ಮುಸುವ ಬಗ್ಗಿ ನೋಡಿದ. "ಜಾಂಬಣ್ಣ, ನಿನ್ನ ಪುಣ್ಯಕ್ಕೆ ಬಾಲ ಇದೆಯಲ್ಲೋ!"

"ನಿನಗೇನು ಗೊತ್ತು, ಹೋಗೋ. ನಿನ್ನ ಹತ್ತಿರ ಇರುವುದು ಬಾಲ ಒಂದೇ" ಎಂದ ಜಾಂಬಣ್ಣ.

ಆ ಮರಿಗಳಿಗೆ ರೆಕ್ಕೆ ಬಂತು. ಅವು ಹಾರಿಹೋದವು. ಗುಂಯವ್ವ ಮತ್ತೆ ಮೊಟ್ಟೆಯಿಟ್ಟಳು. ಅದೇ ಹೊತ್ತಿಗೆ ದೂರದ ಕಾಡಿನಿಂದ ಒಂದು ಕಡವೆ ಜ್ವರ ಹೊತ್ತು ಬಂದು ಮಲಗಿತು. ಸೊಳ್ಳೆಗಳು ಮೊದಲು ಅದನ್ನು ಕಚ್ಚಿದವು, ಆಮೇಲೆ ಉಳಿದವರನ್ನು ಕಚ್ಚಿದವು. ಕಡವೆಯ ಜ್ವರ ಮೊಲಕ್ಕೆ ಬಂತು. ಮೊಲದಿಂದ ಮುಳ್ಳುಹಂದಿಯ ಮನೆಗೆ ಹೋಯಿತು. ಮೊಲ ಎದ್ದು ಓಡಾಡಿತು. ಮುಳ್ಳುಹಂದಿಯ ಮರಿ ಏಳಲಿಲ್ಲ. ಆ ಮರಿ ಇಟ್ಟಿದ್ದ ಪುಟ್ಟ ಬೇಲದ ಚಿಪ್ಪು ಬಾಗಿಲಲ್ಲಿ ತುಂಬಿದಂತೆಯೇ ಇತ್ತು.

"ಈ ಜ್ವರ ಎಲ್ಲಿಂದ ಬಂತು?" ಎಂದು ಎಲ್ಲರೂ ಕೇಳಿದರು.

"ಗಾಳಿಯಿಂದ. ಬರುವಾಗ ನಾನೇ ಕಣ್ಣಾರೆ ಕಂಡೆ" ಎಂದಳು ಗುಂಯವ್ವ.

ಒಂದು ಬೆಳಿಗ್ಗೆ ಜಿಂಕೆ ಚುಕ್ಕಮ್ಮ ಜಾಂಬಣ್ಣನ ಬಾಗಿಲಿಗೆ ಓಡಿ ಬಂದಳು.

"ಅಣ್ಣಾ, ನನ್ನ ಮಗಳು ಮಿಂಚಿಯ ಮೈ ಕಾದ ಹೆಂಚಿನ ಹಾಗೆ ಸುಡುತ್ತಿದೆ. ಹಳ್ಳಕ್ಕೆ ಹೋಗಿ ಬರುವಷ್ಟು ಹೊತ್ತು ಅವಳನ್ನು ಬಿಟ್ಟಿರಲಾರೆ. ಮೈ ಒರೆಸಲು ನಿನ್ನ ಬಾನಿಯ ನೀರು ಕೊಡು."

ಜಾಂಬಣ್ಣ ಬಾನಿಯನ್ನು ನೋಡಿದ. ಇಷ್ಟು ದಿನ ಮಾಗಿಸಿದ ಪುಣ್ಯ! ಆಮೇಲೆ ಅವನಿಗೆ ಮುಳ್ಳುಹಂದಿಯ ಮರಿ ನೆನಪಾಯಿತು.

"ತಗೋ ತಂಗಿ. ಇಂಥ ಹೊತ್ತಿಗಾಗದ ಪುಣ್ಯ ಇನ್ಯಾವಾಗ?" ಎಂದು ಬಾನಿಯ ಅಂಚು ಹಿಡಿದು ಬಗ್ಗಿಸಿದ.

"ಬೇಡ, ಚೆಲ್ಲಬೇಡ!" ಗುಂಯವ್ವ ಚೀರಿದಳು. "ಅದರಲ್ಲಿ ನನ್ನ ಮಕ್ಕಳಿದ್ದಾರೆ!"

ಬಾನಿ ಓರೆಯಾಗಿಯೇ ನಿಂತಿತು. ಚುಕ್ಕಮ್ಮನ ಕೂಗು ಕೇಳಿ ಸುತ್ತ ಸೇರಿದ್ದ ಪ್ರಾಣಿಗಳೆಲ್ಲ ಬಾನಿಯೊಳಗೆ ಇಣುಕಿದವು.

"ನಿನ್ನ ಮಕ್ಕಳೆ?" ಎಂದ ಜಾಂಬಣ್ಣ ನಿಧಾನವಾಗಿ. "ನನ್ನ ಪುಣ್ಯದ ಮರಿಗಳು ಎಂದಿದ್ದೆಯಲ್ಲ?"

"ಅದು... ಇಬ್ಬರದೂ ಅಂತ ಇಟ್ಟುಕೊಳ್ಳಪ್ಪ."

"ಹಾಗಾದರೆ ಜ್ವರ ತಂದ ಗಾಳಿಗೂ ರೆಕ್ಕೆ ಇತ್ತು ಅನ್ನು!" ಎಂದ ಮುಸುವ.

ಮುಳ್ಳುಹಂದಿ ತನ್ನ ಬಾಗಿಲಿಗೆ ಹೋಗಿ ಆ ಬೇಲದ ಚಿಪ್ಪನ್ನು ಬೋರಲು ಹಾಕಿತು.

ಜಾಂಬಣ್ಣ ಬಾನಿಯ ನೀರನ್ನೆಲ್ಲ ಬಿಸಿಲಿಗೆ ಕಾದ ನೆಲದ ಮೇಲೆ ಸುರಿದ. ಆಮೇಲೆ ಹೊಸ ನೀರಿಗೆ ಹಳ್ಳದ ಕಡೆ ಓಡಿದ. ಅವನು ಅಷ್ಟು ಜೋರಾಗಿ ಓಡಿದ್ದನ್ನು ಹಿಂದೆ ಜೇನುಹುಳಗಳು ಮಾತ್ರ ನೋಡಿದ್ದವು.

ಅಂದು ಕಾಡಿನಲ್ಲಿ ಎಲ್ಲರಿಗೂ ಕೆಲಸ. ಚಿಪ್ಪುಗಳ ಒಳ ಅಂಚಿಗೆ ಮೊಟ್ಟೆ ಅಂಟಿಕೊಂಡಿರುತ್ತದೆ ಎಂದು ಮರಳು ಹಾಕಿ ಉಜ್ಜಿದರು. ಮರದ ಪೊಟರೆಯಲ್ಲಿ ನಿಂತ ನೀರಿಗೆ ಮಣ್ಣು ತುಂಬಿದರು. ಮಿಂಚಿ ಮಲಗಿದ್ದ ಪೊದೆಯ ಬಾಗಿಲಿಗೆ ಜೇಡ ಒತ್ತೊತ್ತಾಗಿ ಬಲೆ ನೇಯ್ದಿತು. ಜ್ವರ ಬಂದವರನ್ನು ಸೊಳ್ಳೆ ಕಚ್ಚದಿದ್ದರೆ ಆ ಜ್ವರ ಮುಂದಿನ ಮನೆಗೆ ಹೋಗುವುದಾದರೂ ಹೇಗೆ? ಚುಕ್ಕಮ್ಮ ಮಗಳ ಮೈ ಒರೆಸುತ್ತ, ಗುಟುಕು ಗುಟುಕಾಗಿ ನೀರು ಕುಡಿಸುತ್ತ ಪಕ್ಕದಲ್ಲೇ ಕುಳಿತಳು.

ಗುಂಯವ್ವ ನಿಂತ ನೀರು ಹುಡುಕಿ ಕಾಡೆಲ್ಲ ಸುತ್ತಿದಳು. ಒಂದು ಹನಿಯೂ ಸಿಗಲಿಲ್ಲ. ಹಸಿವು ತಾಳದೆ ಮಿಂಚಿಯನ್ನೇ ಕಚ್ಚೋಣವೆಂದು ನುಗ್ಗಿ, ಬಲೆಗೆ ಸಿಕ್ಕಿಬಿದ್ದಳು.

"ಬಿಟ್ಟುಬಿಡಪ್ಪ ಜೇಡಣ್ಣ, ಪುಣ್ಯ ಬರುತ್ತೆ" ಎಂದು ಗೋಗರೆದಳು.

"ಪುಣ್ಯ ಆಮೇಲೆ ನೋಡೋಣ ತಾಯಿ. ಈಗ ಊಟದ ಹೊತ್ತು" ಎಂದಿತು ಜೇಡ.

ಮಿಂಚಿಯ ಜ್ವರ ಇಳಿಯಿತು. ಅವಳು ನಡುಗುವ ಕಾಲುಗಳ ಮೇಲೆ ಎದ್ದು ನಿಂತು, ಮೊದಲು ಕೇಳಿದ್ದು ಹುಲ್ಲು.

ಜಾಂಬಣ್ಣ ಈಗ ದಿನವೂ ಬಾನಿ ಉಜ್ಜುತ್ತಾನೆ. ಆದರೆ ಅದಕ್ಕೂ ಮುಂಚೆ ಮುಳ್ಳುಹಂದಿಯ ಬಾಗಿಲಿಗೆ ಹೋಗುತ್ತಾನೆ. ಅಲ್ಲಿರುವ ಪುಟ್ಟ ಚಿಪ್ಪನ್ನು ತೊಳೆದು, ಹೊಸ ನೀರು ತುಂಬಿಟ್ಟು ಬರುತ್ತಾನೆ. ಆ ಹೊತ್ತಿನಲ್ಲಿ ಮುಸುವ ಕೂಡ ತಮಾಷೆ ಮಾಡುವುದಿಲ್ಲ.

ನೀತಿ: ನಿಂತ ನೀರು ಚೆಲ್ಲಿ ಪಾತ್ರೆ ಉಜ್ಜಿದರೆ ಸೊಳ್ಳೆಯೂ ಇಲ್ಲ, ಅದು ತರುವ ಜ್ವರವೂ ಇಲ್ಲ. ನಮ್ಮ ಸೋಮಾರಿತನವನ್ನು ಪುಣ್ಯವೆಂದು ಹೊಗಳುವವರನ್ನು ನಂಬಿದರೆ, ಕೇಡು ನೆರೆಮನೆಯ ಮಕ್ಕಳಿಗೂ ತಟ್ಟುತ್ತದೆ.