ಮಾಸ್ತಮ್ಮನ ಮೊದಲ ಕೊಳಗ

ತುಂಬಾ ಹಿಂದೆ, ನಮ್ಮ ಹೊಳೆ ಈಗಿನದಕ್ಕಿಂತ ಅರ್ಧ ಹರದಾರಿ ಬಡಗಲಿಗೆ ಸಮುದ್ರ ಸೇರುತ್ತಿದ್ದ ಕಾಲದಲ್ಲಿ, ಅಳಿವೆಯ ಬಾಯಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಮೂವತ್ತಮೂರು ಒಲೆಗಳಿದ್ದವಂತೆ. ಅಲ್ಲಿ ಮಾಸ್ತಮ್ಮ ಎಂಬ ಹೆಂಗಸು ಕೊಳಗ ಹಿಡಿದು ಕಾಳು ಅಳೆಯುತ್ತಿದ್ದಳಂತೆ.

ಅಳೆಯುವುದು ಗಂಡಸರ ಕೆಲಸ. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಕೊಳಗ ಅವಳ ಕೈಗೆ ಬಂತು. ಮೊದಮೊದಲು ಊರವರು ನಕ್ಕರಂತೆ. ಆಮೇಲೆ ಒಬ್ಬ ಅನುಮಾನದವನು ಅವಳು ಅಳೆದ ಹತ್ತು ಕೊಳಗ ಭತ್ತವನ್ನು ಮನೆಗೆ ಒಯ್ದು ಮತ್ತೆ ಅಳೆದ. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆಯಿಲ್ಲ. ಅಂದಿನಿಂದ ಯಾರೂ ನಗಲಿಲ್ಲವಂತೆ.

ಆ ಊರಿನ ಕಣಕ್ಕೆ ಒಂದು ಕ್ರಮವಿತ್ತು. ಯಾರ ರಾಶಿಯೇ ಇರಲಿ, ಮೊದಲ ಕೊಳಗವನ್ನು ಒಂದು ಎನ್ನುವಂತಿಲ್ಲ, ಲಾಭ ಎನ್ನಬೇಕು. ಆ ಕೊಳಗ ಯಜಮಾನನ ಚೀಲಕ್ಕೆ ಹೋಗುವುದಿಲ್ಲ. ಕಣದ ಪಡುವಣ ಮೂಲೆಯ ಚಾಪೆಗೆ ಬೀಳುತ್ತದೆ. ಗದ್ದೆ ಇಲ್ಲದವರು, ಕೈಕಾಲು ಬಿದ್ದವರು, ದಾರಿಹೋಕರು, ಯಾರು ಬೇಕಾದರೂ ಅದನ್ನು ಒಯ್ಯಬಹುದು. ಯಾರು ಒಯ್ದರು ಎಂದು ಕೇಳುವಂತಿಲ್ಲ, ನೋಡುವಂತೆಯೂ ಇಲ್ಲ. ಅಳೆಯುವವರು ಎಣಿಕೆ ಬಿಟ್ಟು ಬೇರೆ ಮಾತಾಡುವಂತಿಲ್ಲ. ಮಾತಾಡಿದರೆ ರಾಶಿ ಸೋರುತ್ತದೆ ಎಂಬ ನಂಬಿಕೆ.

ಹೊಳೆಯ ಆಚೆ ದಡದಲ್ಲಿ ಕಡಲಾಚೆಯವರು ಇದ್ದರಂತೆ. ಒಡೆದ ಹಡಗಿನಲ್ಲಿ ಬಂದವರು, ಹಡಗು ಕಟ್ಟುವ ಬಡಗಿಗಳು. ಬಂದು ಹನ್ನೆರಡು ವರ್ಷವಾಗಿತ್ತು. ಹನ್ನೊಂದು ಒಲೆ. ಅವರ ಹಿರಿಯನ ಹೆಸರು ಮರ್ಜಾನ್. ನಮ್ಮವರ ನಾಲಿಗೆಯಲ್ಲಿ ಅದು ಮರಜಣ್ಣ ಆಯಿತು. ಅವರು ದೋಣಿಯ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ದೋಣಿ ಹೊಲಿದರೆ ನಮ್ಮವರು ಮೀನು ಕೊಡುತ್ತಿದ್ದರು, ಅಕ್ಕಿ ಕೊಡುತ್ತಿದ್ದರು. ಮದುವೆಗೆ ಕರೆಯುತ್ತಿರಲಿಲ್ಲ. ಸಾವಿಗೆ ಹೋಗುತ್ತಿರಲಿಲ್ಲ. ಜಗಳವೂ ಇರಲಿಲ್ಲ.

ಒಂದು ವರ್ಷ, ತೆನೆ ಹಾಲುಗಟ್ಟುವ ಹೊತ್ತಿಗೆ, ಕಡಲು ಮೇಲೆದ್ದಿತಂತೆ. ಮಣ್ಣಿನ ಕಟ್ಟು ಮೂರು ಕಡೆ ಒಡೆಯಿತು. ಗದ್ದೆಗೆ ಉಪ್ಪುನೀರು ನುಗ್ಗಿ ಏಳು ದಿನ ನಿಂತಿತು. ಎಂಟನೆಯ ದಿನ ನೀರು ಇಳಿದಾಗ ಪೈರು ಸುಟ್ಟಂತೆ ಕಾಣುತ್ತಿತ್ತಂತೆ. ದೋಣಿಗಳು ಚೂರಾಗಿದ್ದವು. ಈಚೆ ದಡದಲ್ಲಿ ಊಟವಿಲ್ಲ, ಆಚೆ ದಡದಲ್ಲಿ ಊಟವೂ ಇಲ್ಲ, ಕೆಲಸವೂ ಇಲ್ಲ.

ಮಾಸ್ತಮ್ಮನ ಅಂಗಳದಿಂದ ಆಚೆ ದಡ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅಲ್ಲಿ ಹನ್ನೊಂದು ಹೊಗೆ ಏಳುತ್ತಿದ್ದವು. ಎಣಿಸುವುದು ಅವಳ ಕೈಗೆ ಅಂಟಿದ ಗುಣ. ಆ ವಾರ ಹೊಗೆ ಏಳಾಯಿತು. ಆಮೇಲೆ ಮೂರು. ಆಮೇಲೆ ಒಂದೂ ಇಲ್ಲ.

ಅಷ್ಟರಲ್ಲಿ ಅರಸರ ಅಕ್ಕಿ ಬರುತ್ತದೆ ಎಂದು ಸುದ್ದಿ ಬಂತಂತೆ. ಒಲೆಗೆ ನಾಲ್ಕು ಕೊಳಗ. ಆದರೆ ಸುದ್ದಿಯ ಜೊತೆ ಬಂದ ಅರಸರ ಓಲೆಯಲ್ಲಿ ಬರೆದದ್ದು ಹೀಗಿತ್ತು: ಅರಸರ ಅಕ್ಕಿ ಅರಸರ ಪ್ರಜೆಗಳಿಗೆ. ಮೂವತ್ತಮೂರು ಒಲೆಗಳ ಹೆಸರಿತ್ತು. ಆಚೆ ದಡದ ಹೆಸರಿರಲಿಲ್ಲ.

ಊರವರು ಹೊನ್ನೆ ಮರದ ಕೆಳಗೆ ಕೂತರು. ಊರಗೌಡ ಹಮ್ಮಣ್ಣ ಕೆಟ್ಟವನಲ್ಲ. ಅವನ ಮಗಳು ಹಡೆದು ಹದಿನೆಂಟು ದಿನವಾಗಿತ್ತು, ಎದೆಯಲ್ಲಿ ಹಾಲು ಬತ್ತಿತ್ತು. ಆಚೆ ದಡದವರಿಗೆ ಒಂದು ಕೊಳಗ ಕೊಟ್ಟರೆ ನಮ್ಮ ಮಕ್ಕಳ ಬಾಯಿಂದ ಒಂದು ಕೊಳಗ ತೆಗೆದಂತೆ ಎಂದು ಅವನು ಹೇಳಿದನಂತೆ. ಅದು ಸುಳ್ಳೂ ಅಲ್ಲ.

ಮಾಸ್ತಮ್ಮ ಹೊಗೆಯ ಮಾತು ಎತ್ತಿದಳು. ನೆರೆಮನೆಯ ಬುದ್ಯಕ್ಕ ಕೆರಳಿದಳು. ಅವಳ ಮನೆಯಲ್ಲಿ ಎಂಟು ಬಾಯಿ, ಅದರಲ್ಲಿ ಹಾಸಿಗೆ ಹಿಡಿದ ಅತ್ತೆಯೊಬ್ಬಳು.

"ನಮ್ಮ ಮಡಕೆ ಬೋರಲು ಬಿದ್ದಿದೆ. ಇವಳು ಆಚೆ ದಡದ ಹೊಗೆ ಎಣಿಸ್ತಾ ಕೂತಿದ್ದಾಳೆ! ಮಾಸ್ತಿ, ನಮ್ಮ ಮನೆ ಕಡೆಗೂ ಒಂದ್ಸಲ ಕತ್ತು ತಿರುಗಿಸೇ."

ಜಟ್ಟಿ ಎಂಬ ಬೆಸ್ತ ಆಚೆಯವರ ಪರ ನಿಂತ. ತನ್ನ ದೋಣಿಯನ್ನು ಮರಜಣ್ಣ ಎರಡು ಸಲ ಹೊಲಿದುಕೊಟ್ಟಿದ್ದಾನೆ, ಆ ಉಪಕಾರಕ್ಕಾದರೂ ಕೊಡಬೇಕು ಎಂದ.

"ಅದಕ್ಕೆ ನೀನು ಮೀನು ಕೊಟ್ಟೆಯಲ್ಲ ಜಟ್ಟಿ, ಅದು ಅಲ್ಲಿಗೆ ಮುಗೀತು," ಎಂದಳಂತೆ ಮಾಸ್ತಮ್ಮ. "ದೋಣಿ ಹೊಲಿದವನಿಗೆ ಮಾತ್ರ ಹಸಿವಾಗ್ತದಾ? ಸೂಜಿ ಹಿಡಿಯಲಾರದ ಮುದುಕಿಯೂ ಅಲ್ಲಿದ್ದಾಳೆ."

ಅಕ್ಕಿ ನಮ್ಮದಾಗಿದ್ದರೆ ಯೋಚಿಸಬಹುದಿತ್ತು, ಅರಸರು ಯಾರ ಹೆಸರು ಬರೆದರೋ ಅವರಿಗೇ ಹೋಗಬೇಕು, ಅದನ್ನು ತಿದ್ದಲು ನಾವು ಯಾರು ಎಂದ ಹಮ್ಮಣ್ಣ. ಜನ ಎದ್ದರು. ಎಲ್ಲರೂ ಎದ್ದ ಮೇಲೆ ಮಾಸ್ತಮ್ಮ ಅವನನ್ನು ಕೇಳಿದಳಂತೆ, "ನಾಳೆ ಅಳೆಯೋದು ನಾನೇ ತಾನೆ?"

"ನೀನೇ."

"ಮನೆಮನೆಗೆ ಬೇರೆ ಬೇರೆ? ನಮ್ಮ ಕಣದ ಕ್ರಮದಲ್ಲಿ?"

"ಮತ್ತಿನ್ಯಾವ ಕ್ರಮ ಇದೆ ನಮಗೆ?" ಎಂದು ಹಮ್ಮಣ್ಣ ಮನೆಯ ದಾರಿ ಹಿಡಿದ. ಅವನ ತಲೆಯಲ್ಲಿ ಮಗಳ ಚಿಂತೆ ಇತ್ತು. ತಾನು ಹೇಳಿದ್ದೇನೆಂದು ಅವನು ಗಮನಿಸಲಿಲ್ಲ.

ಮರುದಿನ ದೋಣಿ ತುಂಬ ಅಕ್ಕಿ ಬಂತು. ಜೊತೆಗೆ ಅರಸರ ಪಾರುಪತ್ಯಗಾರ ಬಂದ. ಘಟ್ಟದ ಮೇಲಿನವನು, ಬಿಸಿಲಿಗೆ ಬೆವರುತ್ತಿದ್ದ. ಕಣದಲ್ಲಿ ಅಕ್ಕಿ ಸುರಿದರು. ಮೊದಲು ಹಮ್ಮಣ್ಣನ ಮನೆಯ ಚೀಲ ಹಿಡಿದರು. ಮಾಸ್ತಮ್ಮ ಕೊಳಗ ತುಂಬಿದಳು, ಅಂಗೈಯಿಂದ ಸವರಿದಳು. "ಲಾಭ" ಎಂದಳು. ಪಡುವಣ ಮೂಲೆಗೆ ನಡೆದು ಚಾಪೆಯ ಮೇಲೆ ಸುರಿದಳು.

ಪಾರುಪತ್ಯಗಾರ ಎದ್ದು ನಿಂತ. ಅದನ್ನು ಅಲ್ಲೇಕೆ ಸುರಿದೆ ಎಂದು ಕೇಳಿದ.

"ಎರಡು" ಎಂದು ಅವಳು ಚೀಲಕ್ಕೆ ಹಾಕಿದಳು.

ಅದು ಯಾರ ಪಾಲು ಎಂದು ಗದರಿದ.

"ಮೂರು" ಎಂದಳು.

"ಏನಮ್ಮಾ, ಕಿವುಡಿಯೇನು ನೀನು?"

"ನಾಲ್ಕು" ಎಂದಳು. ಹಮ್ಮಣ್ಣನ ಚೀಲಕ್ಕೆ ಬಿದ್ದದ್ದು ಮೂರು ಕೊಳಗ.

ಪಾರುಪತ್ಯಗಾರ ಹಮ್ಮಣ್ಣನ ಕಡೆ ತಿರುಗಿದ. ಇದು ಕಳ್ಳತನವೋ, ನಿಮ್ಮೂರ ಕ್ರಮವೋ, ಗೌಡನೇ ಹೇಳಲಿ ಎಂದ.

ಇವಳ ಹುಚ್ಚಾಟ ಎಂದು ಹಮ್ಮಣ್ಣ ಅಂದರೆ ಸಾಕಿತ್ತು. ಚಾಪೆಯ ಅಕ್ಕಿ ಚೀಲಕ್ಕೆ ಬರುತ್ತಿತ್ತು. ಮಾಸ್ತಮ್ಮನ ಕೈಯ ಕೊಳಗ ಅವತ್ತಿಗೇ ಹೋಗುತ್ತಿತ್ತು. ಹಮ್ಮಣ್ಣ ಚಾಪೆ ನೋಡಿದ. ತನ್ನ ಚೀಲ ನೋಡಿದ. ಅವನ ಅಪ್ಪ, ಅಜ್ಜ ಎಲ್ಲರೂ ಆ ಮೂಲೆಗೆ ಲಾಭ ಬಿಟ್ಟವರು. ಹೊರಗಿನವನ ಎದುರು ಅದನ್ನು ಕಳ್ಳತನ ಅನ್ನಲು ಅವನ ನಾಲಿಗೆ ಏಳಲಿಲ್ಲವಂತೆ.

"ನಮ್ಮ ಕಣದ ಕ್ರಮ, ಸ್ವಾಮಿ," ಎಂದ. "ಲಾಭದ ಕೊಳಗಕ್ಕೆ ನಾವು ಹೆಸರು ಕೇಳೋದಿಲ್ಲ."

ಪಾರುಪತ್ಯಗಾರ ಓಲೆಯನ್ನು ಇನ್ನೊಮ್ಮೆ ಓದಿದ. ಅದರಲ್ಲಿ ಯಾರಿಗೆ ಕೊಡಬೇಕೆಂದು ಇತ್ತು, ಹೇಗೆ ಅಳೆಯಬೇಕೆಂದು ಇರಲಿಲ್ಲ. ಮುಖ ಒರೆಸಿಕೊಂಡು ಕೂತ.

ಎರಡನೆಯ ಮನೆಗೆ ಮತ್ತೆ ಲಾಭ. ಮೂರನೆಯ ಮನೆಗೆ ಮತ್ತೆ ಲಾಭ. ಬುದ್ಯಕ್ಕ ಚೀಲ ಹಿಡಿದು ನಿಂತಾಗ ಅವಳ ಕಣ್ಣಲ್ಲಿ ನೀರಿತ್ತಂತೆ, ಸಿಟ್ಟಿನ ನೀರು. ಆದರೂ ಚಾಪೆಗೆ ಕೈ ಅಡ್ಡ ಹಿಡಿಯಲಿಲ್ಲ. ಕೊನೆಗೆ ಚಾಪೆಯ ಮೇಲೆ ಮೂವತ್ತಮೂರು ಕೊಳಗವಾಯಿತು. ಊರವರು ಕ್ರಮದಂತೆ ಬೆಟ್ಟದ ಕಡೆ ಮುಖ ಮಾಡಿ ಕೂತರು. ಹೊಳೆ ಇಳಿದಿತ್ತು, ಬೆನ್ನ ಹಿಂದೆ ನೀರು ತುಳಿದು ಬರುವ ಸದ್ದು ಕೇಳಿತಂತೆ. ಸೂರ್ಯ ಒಂದು ಮಾರು ಇಳಿದ ಮೇಲೆ ತಿರುಗಿದಾಗ ಚಾಪೆ ಬರಿದಾಗಿತ್ತು, ಒಂದು ಕಾಳೂ ಉಳಿಯದಂತೆ ಗುಡಿಸಿದ್ದರು.

ಮರುದಿನ ಬೆಳಿಗ್ಗೆ ಆಚೆ ದಡದಲ್ಲಿ ಹನ್ನೊಂದು ಹೊಗೆ.

ಅವತ್ತು ಕೊಳಗದಲ್ಲಿ ಅಕ್ಕಿ ಉಕ್ಕಿತು, ಎಷ್ಟು ಅಳೆದರೂ ಮುಗಿಯಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹಾಗೇನೂ ಆಗಲಿಲ್ಲ. ನಾನು ಹುಣಸೆ ಬೀಜ ಇಟ್ಟು ಎಣಿಸಿ ನೋಡಿದ್ದೇನೆ. ಮೂವತ್ತಮೂರು ಒಲೆಗೆ ಮೂರು ಮೂರು ಕೊಳಗ. ಹನ್ನೊಂದು ಒಲೆಗೂ ಮೂರು ಮೂರೇ. ಅವಳು ಮೊದಲೇ ಎಣಿಸಿದ್ದಳೋ, ಅಕ್ಕಿಯೇ ಹಾಗೆ ಕೂಡಿಬಂತೋ, ಗೊತ್ತಿಲ್ಲ.

ಆ ಅಕ್ಕಿ ಸಾಲಲಿಲ್ಲ. ಮುಂದಿನ ದೋಣಿ ಬರುವ ಹೊತ್ತಿಗೆ ಒಂಬತ್ತು ದಿನ ಬರೀ ಗೆಡ್ಡೆ, ಹೊಳೆಯ ಚಿಪ್ಪುಮೀನು. ಎರಡೂ ದಡದವರು ಒಂದೇ ಕೆಸರಲ್ಲಿ ಚಿಪ್ಪು ಹೆಕ್ಕಿದರಂತೆ. ಹಮ್ಮಣ್ಣನ ಮೊಮ್ಮಗು ಉಳಿಯಿತು. ಇಬ್ಬರು ಸತ್ತರು. ಆಚೆ ದಡದಲ್ಲಿ ಒಂದು ಕೂಸು, ಈಚೆ ದಡದಲ್ಲಿ ಬುದ್ಯಕ್ಕನ ಅತ್ತೆ. ಮಾಸ್ತಮ್ಮ ಎರಡೂ ಕಡೆ ಹೋಗಿ ಕೂತಳು. ಆ ಒಂದು ಕೊಳಗ ಇದ್ದಿದ್ದರೆ ನನ್ನತ್ತೆ ಉಳಿಯುತ್ತಿದ್ದಳಾ ಎಂದು ಬುದ್ಯಕ್ಕ ಕೇಳಿದಳಂತೆ.

"ಗೊತ್ತಿಲ್ಲ ಬುದ್ಯಕ್ಕ," ಎಂದಳಂತೆ ಮಾಸ್ತಮ್ಮ. ಬುದ್ಯಕ್ಕ ಅವಳಿಗೆ ಎದ್ದು ಹೋಗು ಎನ್ನಲಿಲ್ಲ.

ಆ ಸಾವಿನ ಮನೆಗೆ ಮರಜಣ್ಣನೂ ಬಂದಿದ್ದ. ಆಚೆಯವರು ಈಚೆಯ ಸಾವಿಗೆ ಬಂದದ್ದು ಅದೇ ಮೊದಲು.

ಈಗ ಆ ಕಡಲಾಚೆಯವರು ಇಲ್ಲ. ಹೋದರೋ, ನಮ್ಮೊಳಗೇ ಸೇರಿದರೋ, ಯಾರ ಮೂಗು ನೋಡಿ ಹೇಳುವುದು? ಕಣಗಳೂ ಕಡಿಮೆಯಾಗಿವೆ, ಕಾಳು ತೂಕದ ಯಂತ್ರಕ್ಕೆ ಹೋಗುತ್ತದೆ. ಮಾಸ್ತಮ್ಮನ ಕೊಳಗ ಮಾತ್ರ ಇದೆ. ಬಾಯಿಯ ಹತ್ತಿರ ಸೀಳಿದೆ, ಆ ಸೀಳನ್ನು ದೋಣಿ ಹೊಲಿಯುವ ನಾರಿನಿಂದ ಹೊಲಿದಿದ್ದಾರೆ. ಹನ್ನೊಂದು ಹೊಲಿಗೆ. ನಾನು ಎಣಿಸಿದ್ದೇನೆ.

ಇಂದಿಗೂ ಸುಗ್ಗಿಯಲ್ಲಿ, ಯಂತ್ರಕ್ಕೆ ಹಾಕುವ ಮೊದಲು, ಪ್ರತಿ ಮನೆಯ ರಾಶಿಯಿಂದ ಆ ಕೊಳಗದಲ್ಲಿ ಒಂದು ಸಲ ಅಳೆಯುತ್ತಾರೆ. ಲಾಭ ಎನ್ನುತ್ತಾರೆ. ಪಡುವಣ ಮೂಲೆಯ ಚಾಪೆಗೆ ಸುರಿದು ಬೆಟ್ಟದ ಕಡೆ ತಿರುಗಿ ಕೂರುತ್ತಾರೆ. ಊರಿಗೆ ಹೊಸದಾಗಿ ಬಂದ ಸೊಸೆಯಂದಿರು ಇದು ಯಾರಿಗೆ ಎಂದು ಕೇಳುವುದುಂಟು.

ಅಳೆಯುವವರು "ಎರಡು" ಎನ್ನುತ್ತಾರೆ.